ಹಿತ್ತಲಿನ ಎರಡನೇ ಪೈಪು

ಚಿಕ್ಕಮ್ಮ, ಆ ಗೌರಿ ಹಬ್ಬದ ದಿನ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೀವು ಹೇಳಿದ ಮಾತು ನಿಜ. ಸುಳ್ಳು ಹೇಳಿದವಳು ನಾನು. ನಿಮ್ಮ ಅಕ್ಕ — ನನ್ನ ಅತ್ತೆ — ನನ್ನನ್ನು ನಂಬಿದರು, ಒಡಹುಟ್ಟಿದ ನಿಮ್ಮನ್ನು ನಂಬಲಿಲ್ಲ. ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದುಹಾಕಿದ್ದೇನೆ. ಪ್ರತಿ ಸಲವೂ ಎಲ್ಲಾ ಸುತ್ತಿ ಬಳಸಿ ಹೇಳಲು ಹೋಗಿ ಕೊನೆಗೆ ಹೇಳಬೇಕಾದ್ದೇ ಉಳಿದುಬಿಡುತ್ತಿತ್ತು. ಅದಕ್ಕೇ ಈ ಸಲ ಮೊದಲೇ ಹೇಳಿಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಾನು ಬಸವನಗುಡಿಯ ಆ ಮನೆಗೆ ಸೊಸೆಯಾಗಿ ಬಂದಾಗ ಸೀಮೆಎಣ್ಣೆಗೆ ಕ್ಯೂ ನಿಲ್ಲಬೇಕಿತ್ತು. ನೈವೇದ್ಯದ ಅಡುಗೆಯೆಲ್ಲ ಸೌದೆ ಒಲೆಯಲ್ಲೇ. ಹೊಗೆಗೆ ಅತ್ತೆಯ ಕಣ್ಣು ಸದಾ ಕೆಂಪು. ಹಿತ್ತಲಲ್ಲಿ ಐದು ಹಸು. ನಾನೋ ಆಗತಾನೇ ಬಿ.ಎಸ್ಸಿ. ಮುಗಿಸಿದವಳು, ಬಾಯಿ ಸ್ವಲ್ಪ ಜಾಸ್ತಿ. ಒಂದು ದಿನ, "ಅತ್ತೆ, ಈ ಸಗಣೀಲೇ ಗ್ಯಾಸಿದೆ" ಎಂದೆ. ಬೇರೆಯವರಾಗಿದ್ದರೆ ಮೂಗು ಮುರಿಯುತ್ತಿದ್ದರು. ಇವರು, "ಹೌದಾ? ಹಾಗಾದ್ರೆ ತೆಗಿ, ನೋಡೇ ಬಿಡಣ" ಎಂದರು. ನಿಮ್ಮ ಅಕ್ಕನನ್ನು ನಾನು ಅವತ್ತಿನಿಂದಲೇ ಪ್ರೀತಿಸತೊಡಗಿದೆ ಅಂತ ಕಾಣುತ್ತದೆ.

ಗಾರೆ ಮುನಿಯಪ್ಪ ಬಂದು ಬಾವಿಯ ಹಾಗೆ ಗುಂಡಿ ತೋಡಿ ಇಟ್ಟಿಗೆ ಕಟ್ಟಿದ. ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದ್ದಾಯಿತು. ದಿನಾ ಬೆಳಿಗ್ಗೆ ಸಗಣಿಗೆ ಸಮ ನೀರು ಬೆರೆಸಿ, ಹುಲ್ಲುಕಡ್ಡಿ ಆರಿಸಿ, ಬಗ್ಗಡವನ್ನು ತೊಟ್ಟಿಯಿಂದ ಗುಂಡಿಗೆ ಬಿಡುವುದು ಅತ್ತೆಯ ಕೆಲಸ. ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಒಳಗೆ ಅದು ಹುಳಿತು, ಗ್ಯಾಸು ಕೂಡಿ, ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಡ್ರಮ್ಮು ಗೇಣುದ್ದ ಮೇಲೆದ್ದು ನಿಂತಿತ್ತು. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಇಟ್ಟರು! ಒಲೆಯಲ್ಲಿ ನೀಲಿ ಉರಿ ಬಂದಾಗ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಗುಂಡಿಯಿಂದ ಉಕ್ಕಿಬಂದ ಬಗ್ಗಡ ಕರಿಬೇವಿಗೆ, ಬಸಳೆಗೆ. "ಏನೂ ದಂಡ ಇಲ್ಲ ನೋಡೇ ವಿಮಲಾ" ಎನ್ನುತ್ತಿದ್ದರು. ನಿಮಗೂ ಆಗ ಅದೇ ಒಲೆಯ ಮೇಲೆ ಎಷ್ಟು ಸಲ ಕಾಫಿ ಮಾಡಿ ಕೊಟ್ಟಿದ್ದಾರೆ.

ಆಮೇಲೆ ಹಸು ಮೇಯಿಸುವವನು ಸಿಗದೆ ಎರಡನ್ನು ಕೊಟ್ಟುಬಿಡಬೇಕಾಯಿತು. ಮೂರು ಹಸುವಿನ ಸಗಣಿ ಸಾಲಲಿಲ್ಲ. ಡ್ರಮ್ಮು ಏಳಲಿಲ್ಲ, ಅನ್ನ ಬೇಯುವಷ್ಟರಲ್ಲಿ ಉರಿ ಕುಂದಿಹೋಗುತ್ತಿತ್ತು. ಅತ್ತೆ ಮತ್ತೆ ಸೌದೆ ಒಲೆಯ ಮುಂದೆ ಕೂತರು, ಮತ್ತೆ ಕೆಮ್ಮು, ಮತ್ತೆ ಕೆಂಪು ಕಣ್ಣು. ಅವರ ಕಣ್ಣಿಗಾಗಿಯೇ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ — ಗ್ಯಾಸು ನಾನು ತಂದಿದ್ದು, ಅದು ಸೋಲಬಾರದು, ಬೀದಿಯವರು ನಗಬಾರದು.

ಕಕ್ಕಸನ್ನೂ ಆ ಗುಂಡಿಗೆ ಸೇರಿಸಿದರೆ ಗ್ಯಾಸು ಹೆಚ್ಚುತ್ತದೆಂದು ನಾನು ಓದಿದ್ದೆ. ನಮ್ಮ ಹಿತ್ತಲ ಮೂಲೆಯ ಕಕ್ಕಸಿಗೂ ಗುಂಡಿಗೂ ಹತ್ತು ಹೆಜ್ಜೆ. ಆದರೆ ಅತ್ತೆಯ ಮಡಿ ನಿಮಗೆ ಗೊತ್ತಲ್ಲ — ಒದ್ದೆ ಸೀರೆ ಉಟ್ಟು, ಯಾರನ್ನೂ ಮುಟ್ಟದೆ ಮಾಡಿದ ಅಡುಗೆಯೇ ದೇವರಿಗೆ. ಕೇಳಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ… ಕೇಳಲೇ ಇಲ್ಲ. ಅವರು ಭಜನೆಯವರ ಜೊತೆ ಕಾಶಿಗೆ ಹೋದಾಗ ಮುನಿಯಪ್ಪನನ್ನು ಕರೆಸಿ, ಎರಡೇ ದಿನದಲ್ಲಿ ಪೈಪು ಹಾಕಿಸಿ ಮೇಲೆ ಕಲ್ಲುಚಪ್ಪಡಿ ಮುಚ್ಚಿಸಿದೆ. ನನ್ನ ಯಜಮಾನರು ಟೂರಿನಲ್ಲಿದ್ದರು. ಮಾವನವರಿಗೆ ಹಿತ್ತಲಿನ ಗೊಡವೆಯೇ ಇರಲಿಲ್ಲ. ಅತ್ತೆ ಬರುವ ಹೊತ್ತಿಗೆ ಡ್ರಮ್ಮು ಎದ್ದು ನಿಂತಿತ್ತು. "ನಾನು ತಂದ ಗಂಗೆ ಮಹಿಮೆ" ಎಂದು ಅವರು ಕೈಮುಗಿದರು, ನಾನು ನಕ್ಕೆ. ಆ ನಗುವಿಗೆ ಇವತ್ತು ನಾಚಿಕೆಯಾಗುತ್ತದೆ.

ಅಂದಿನಿಂದ ಗಿಡಗಳಿಗೆ ಬಗ್ಗಡ ಹಾಕುವ ಕೆಲಸವನ್ನು ನಾನೇ ತೆಗೆದುಕೊಂಡೆ. ಅವರು ಕೈಯಲ್ಲಿ ಮುಟ್ಟಬಾರದಲ್ಲ ಎಂದು. ಅದನ್ನೂ ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದರು — ನನ್ನ ಸೊಂಟ ನೋವು ನೋಡಲಾರದೆ ಮಾಡ್ತಾಳೆ, ಮಗಳಿಗಿಂತ ಹೆಚ್ಚು, ಎಂದು.

ಮರುವರ್ಷ ಮುನಿಯಪ್ಪ ತ್ಯಾಗರಾಜನಗರದ ನಿಮ್ಮ ಮನೆಯ ಕಾಂಪೌಂಡು ಕಟ್ಟಲು ಬಂದ. ಮಾತಿನ ಭರದಲ್ಲಿ ನಿಮಗೆ ಹೇಳಿದ. ಅವನಿಗೆ ಗುಟ್ಟೆಂದು ನಾನು ಹೇಳಿರಲಿಲ್ಲ. ಹೇಳಿದರೆ ಅನುಮಾನ ಬರುತ್ತದೆಂದು ಜಾಣತನ ಮಾಡಿದ್ದೆ. ಗೌರಿ ಹಬ್ಬದ ದಿನ ನೀವು ಬಂದಿರಿ. ನಡುಮನೆಯಲ್ಲಿ ಬಾಗಿನಕ್ಕೆ ಬಂದ ಬೀದಿಯ ಹೆಂಗಸರು, ಅಡುಗೆಮನೆಯಲ್ಲಿ ಅತ್ತೆ ಒಬ್ಬಟ್ಟು ಬೇಯಿಸುತ್ತಿದ್ದರು.

"ಅಕ್ಕಾ, ತಪ್ಪು ತಿಳ್ಕೋಬೇಡ. ನಿಮ್ಮನೆ ಕಕ್ಕಸಿಂದೂ ಆ ಗುಂಡಿಗೇ ಹೋಗತ್ತಂತೆ. ಮುನಿಯಪ್ಪ ಹೇಳ್ದ. ಈ ಒಲೆ ಮೇಲೆ ಮಾಡಿದ್ದು ಗೌರಿಗೆ ಬೇಡ ಕಣೇ."

ನೀವು ಮೆಲ್ಲಗೇ ಹೇಳಿದಿರಿ. ಅತ್ತೆಯೇ ಗಟ್ಟಿಯಾಗಿ ಕೇಳಿದರು, "ಹೌದೇನೇ ವಿಮಲಾ?"

"ಅಯ್ಯೋ, ಎಲ್ಲಾದ್ರೂ ಉಂಟೇ ಅತ್ತೆ! ಬರೀ ಸಗಣಿ. ಮುನಿಯಪ್ಪ ಬಂದಿದ್ದು ಚರಂಡಿ ರಿಪೇರಿಗೆ. ಕುಡಿದು ಏನೋ ಹೇಳಿರ್ತಾನೆ."

ಅವನು ಕುಡಿಯುತ್ತಿರಲಿಲ್ಲ, ಚಿಕ್ಕಮ್ಮ. ಆ ಒಂದು ಮಾತಿಗೆ ಅವನಿಗೆ ನಮ್ಮ ಬೀದಿಯಲ್ಲಿ ಕೆಲಸ ತಪ್ಪಿತು.

ಅತ್ತೆ ನಿಮ್ಮ ಕಡೆ ತಿರುಗಿದರು. "ಕೇಳಿಸ್ತಾ? ನನ್ನ ಸೊಸೆ ಸುಳ್ಳು ಹೇಳೋಳಲ್ಲ. ನಮ್ಮನೆ ಒಲೆ ಕಂಡ್ರೆ ನಿಂಗೆ ಮೊದಲಿಂದ ಹೊಟ್ಟೆಕಿಚ್ಚು. ಊಟ ಮಾಡೋ ಹಾಗಿದ್ರೆ ಕೂತ್ಕೋ, ಇಲ್ದಿದ್ರೆ ಹೊರಡು."

ನೀವು ನನ್ನನ್ನೇ ನೋಡಿದಿರಿ. ಬೈಯಲಿಲ್ಲ. ಬಾಗಿನ ತೆಗೆದುಕೊಳ್ಳದೆ, ಅಷ್ಟು ಜನರ ನಡುವೆ ಹಾದು ಹೊರಟುಹೋದಿರಿ. ಅದೇ ಕೊನೆ. ಅಕ್ಕತಂಗಿಯರು ಮತ್ತೆ ಒಂದು ಪಂಕ್ತಿಯಲ್ಲಿ ಕೂತು ಊಟ ಮಾಡಲಿಲ್ಲ.

ಮುಂದೆ ಮನೆಗೆ ಸಿಲಿಂಡರು ಬಂತು. ನಾನು ಗುಂಡಿ ಮುಚ್ಚಿಸೋಣ ಎಂದೆ. ಅತ್ತೆ ಕೇಳಬೇಕಲ್ಲ! ಸಿಲಿಂಡರು ಕಾಫಿಗೆ ಸಾಕು, ಅದೆಲ್ಲಿಂದ ಬರುತ್ತದೋ ಯಾರಿಗೆ ಗೊತ್ತು, ದೇವರಿಗೆ ನಮ್ಮ ಹಸುವಿನದೇ ಆಗಬೇಕು ಎಂದು ಹಟ ಹಿಡಿದರು. ಹಸುಗಳು ಇರುವ ತನಕ, ಎಂಬತ್ತರ ದಶಕದ ಕೊನೆಯವರೆಗೂ, ನೈವೇದ್ಯ ಅದೇ ಉರಿಯ ಮೇಲೆ ಆಯಿತು. ಉರಿಗೆ ಮಡಿ ಮೈಲಿಗೆ ಇಲ್ಲ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಅದು ನನ್ನ ನಂಬಿಕೆ. ಒಲೆಯ ಮುಂದೆ ಒದ್ದೆ ಸೀರೆಯಲ್ಲಿ ನಡುಗುತ್ತಾ ಕೂತವರು ಅವರು.

ಅವರು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಕಾಲು ಒತ್ತುತ್ತಿದ್ದೆ. "ಅವಳಿಗೆ ನಾನೇನು ಕಡಿಮೆ ಮಾಡಿದ್ದೆ ವಿಮಲಾ? ಯಾಕೆ ಹಾಗೆ ಸುಳ್ಳು ಹೇಳಿದ್ಲು?" ಎಂದರು. ಬಾಯಿ ತೆರೆದೆ… ಇನ್ನೊಂದು ಕಾಲು ಒತ್ತಲು ಶುರು ಮಾಡಿದೆ. ಆ ವಾರವೇ ಅವರು ಹೋದರು. ನಿಮ್ಮನ್ನು ಸುಳ್ಳುಗಾತಿಯೆಂದು ನಂಬಿಕೊಂಡೇ ಹೋದರು. ಅದನ್ನು ಯಾರಿಗೆ ಹೇಳಿಯೂ ನಾನಿನ್ನು ಸರಿಮಾಡಲಾರೆ.

ಕ್ಷಮಿಸಿ ಎಂದು ಕೇಳುತ್ತಿಲ್ಲ. ಅವತ್ತು ನಡುಮನೆಯಲ್ಲಿದ್ದವರಲ್ಲಿ ಮೂವರು ಇನ್ನೂ ಇದ್ದಾರೆ. ಮೂವರ ಮನೆಗೂ ನಿನ್ನೆ ಹೋಗಿ ಹೇಳಿಬಂದೆ. ಒಬ್ಬರು ನಕ್ಕರು, ಒಬ್ಬರು ನನಗೆ ನೀರೂ ಕೊಡಲಿಲ್ಲ. ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬರುತ್ತೇನೆ. ನಿಮ್ಮ ಮಕ್ಕಳು, ಸೊಸೆಯಂದಿರು ಎಲ್ಲರೂ ಮನೆಯಲ್ಲಿರುವ ಹೊತ್ತು. ನೀವು ಒಳಗೆ ಕರೆಯದಿದ್ದರೆ ಗೇಟಿನಲ್ಲೇ ನಿಂತು ಹೇಳುತ್ತೇನೆ. ನಿಮಗೆ ಈಗ ಕಿವಿ ಮಂದವಂತೆ, ಗಟ್ಟಿಯಾಗಿಯೇ ಹೇಳಬೇಕಾದೀತು — ಅಕ್ಕಪಕ್ಕದವರಿಗೂ ಕೇಳಲಿ.