ಎಲ್ಲಾ ಚಿಗರಿ ಒಂದೇ ಅಂದವರು

ನೆನೆದರೆ ಈಗಲೂ ಮೈ ಉರಿಯುತ್ತದೆ. ಬೀದರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ವರ್ಷ ಸಂತಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಮಾಡುತ್ತಿದ್ದ ಪ್ರಾಜೆಕ್ಟಿಗಾಗಿ ಕಾಲೇಜಿನ ಕಂಪ್ಯೂಟರಿನಲ್ಲಿ ತನ್ನೂರ ಹೊಲಗಳನ್ನು ಕಟ್ಟಿ, ಅದರೊಳಗೆ ಚಿಗರಿಗಳನ್ನು, ಅಂದರೆ ನಮ್ಮ ಕಡೆಯ ಜಿಂಕೆಗಳನ್ನು, ಬಿಟ್ಟಿದ್ದಳು. ಪರದೆಯ ಮೇಲೆ ಒಂದು ಚುಕ್ಕೆ ಅಂದರೆ ಒಂದು ಚಿಗರಿ. ಒಂದೊಂದಕ್ಕೂ ಬೇರೆ ವಯಸ್ಸು, ಬೇರೆ ಹಸಿವು, ಬೇರೆ ಅಂಜಿಕೆ. ಅವು ತಮ್ಮ ತಮ್ಮ ಬುದ್ಧಿಯಂತೆ ಓಡಾಡಿದರೆ ಹಿಂಡಿನ ಗತಿ ಏನಾಗುತ್ತದೆ ಎಂದು ನೋಡಬೇಕಿತ್ತು. ಅದಕ್ಕಾಗಿ ಎರಡು ಚಳಿಗಾಲ ಕಡಲೆ ಹೊಲದ ಬದುವಿನ ಮೇಲೆ ಕುಳಿತು ಬರೆದುಕೊಂಡಿದ್ದಳು. ಇದರಲ್ಲಿ ಪಾಸಾದರೆ ಮಾತ್ರ ಅವಳಿಗೆ ಎಂ.ಎಸ್ಸಿ. ಪದವಿ.

ಪರೀಕ್ಷೆಯ ಹಿಂದಿನ ದಿನ ನಮ್ಮ ವಿಭಾಗದ ಮುಖ್ಯಸ್ಥರು ಬಂದು ನೋಡಿದರು.

"ಇದೇನ್ರಿ ಮೇಡಂ, ಒಂದು ಓಡ್ತದ, ಒಂದು ನಿಲ್ತದ, ದನದ ಸಂತಿ ಆಗ್ಯಾದ! ಚಿಗರಿ ಅಂದ್ರ ಚಿಗರಿ. ಎಲ್ಲಾ ಒಂದೇ ಮಾಡ್ರಿ, ನೋಡ್ಲಾಕ ಛಂದ ಇರ್ತದ."

ಹುಡುಗಿ ಆಗಲೇ ಊರಿನ ಬಸ್ಸು ಹತ್ತಿದ್ದಳು. ಇವರ ಕೂಡ ಯಾರು ವಾದ ಮಾಡುವುದು ಎಂದುಕೊಂಡು ನಾನೇ ಕೈಯಾರೆ ಎಲ್ಲಕ್ಕೂ ಒಂದೇ ವಯಸ್ಸು, ಒಂದೇ ಹಸಿವು, ಒಂದೇ ಅಂಜಿಕೆ ಹಾಕಿದೆ.

ಮರುದಿನ ಹೊರಗಿನಿಂದ ಬಂದ ಪರೀಕ್ಷಕರ ಎದುರು ಅವಳು ಗುಂಡಿ ಒತ್ತಿದಳು. ಅಷ್ಟೂ ಚುಕ್ಕೆಗಳು ಒಮ್ಮೆಗೇ ಒಂದೇ ಹೊಲಕ್ಕೆ ನುಗ್ಗಿದವು, ಅದನ್ನು ತಿಂದು ಮುಗಿಸಿದವು, ಅಲ್ಲೇ ಹಸಿದು ಸತ್ತವು. ಪರದೆ ಖಾಲಿ. ತಾನೇ ಏನೋ ತಪ್ಪು ಮಾಡಿದೆನೆಂದು ಹುಡುಗಿ ಕೈ ಹಿಸುಕಿಕೊಳ್ಳುತ್ತಾ ನಿಂತಳು.

"ಏನವ್ವಾ, ನಿನ್ನ ಚಿಗರಿಗಿ ಬುದ್ಧಿನೇ ಇಲ್ಲಲ್ಲ!" ಎಂದು ನಕ್ಕವರು ಯಾರು? ಅದೇ ಮುಖ್ಯಸ್ಥರು! ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಅಂಕಪಟ್ಟಿಗೆ ಇಬ್ಬರ ಸಹಿ ಬೇಕು, ಪರೀಕ್ಷಕರದು ಮತ್ತು ನನ್ನದು. ಊಟಕ್ಕೆ ಏಳುವ ಮೊದಲು ಅದನ್ನು ಮುಗಿಸುವುದು ನಮ್ಮಲ್ಲಿ ರೂಢಿ. ಪರೀಕ್ಷಕರು ಫೇಲಿನ ಅಂಕ ಬರೆದು ಹಾಳೆಯನ್ನು ನನ್ನತ್ತ ತಳ್ಳಿದರು.

"ಲಗೂನ ಹಾಕ್ರಿ ಮೇಡಂ, ರೊಟ್ಟಿ ಆರ್ತಾವ," ಎಂದರು ಮುಖ್ಯಸ್ಥರು.

ನಾನು ಪೆನ್ನು ಕೆಳಗಿಟ್ಟೆ. "ಆರಲಿ ಬಿಡ್ರಿ! ಆ ಚಿಗರಿ ಸಾಯಿಸಿದವರು ನಾವಿಬ್ಬರು ಸರ್. ನೀವು ಹೇಳಿದ್ರಿ, ನಾ ಮಾಡಿದೆ. ಆಕಿ ಮಾಡಿದ್ದು ನೋಡೋತನಕ ನಾ ಸಹಿ ಹಾಕಂಗಿಲ್ಲ."

ಹುಡುಗಿ ಪೆನ್‌ಡ್ರೈವಿನಿಂದ ತನ್ನ ಮೂಲದ್ದನ್ನು ತೆರೆದಳು. ಮುಖ ಗಂಟಿಕ್ಕಿ ಕುಳಿತಿದ್ದ ಪರೀಕ್ಷಕರು ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿದರು. ಬೇಲಿಯ ಹತ್ತಿರ ಒಂದು ಚುಕ್ಕೆ ತಡೆದು ನಿಂತಿತ್ತು, ಹಿಂದಿನವೂ ನಿಂತಿದ್ದವು.

"ಇದ್ಯಾಕವ್ವಾ ನಿಂತದ?"

"ಅದು ಒಮ್ಮೆ ತಂತ್ಯಾಗ ಸಿಕ್ಕಿತ್ತುರಿ ಸರ್. ಅದಕ್ಕ ನೆನಪದರಿ."

ಹಿಂಡು ಬೇರೆ ಹೊಲದ ದಾರಿ ಹಿಡಿಯಿತು. ಪರೀಕ್ಷಕರು ಹಳೆಯ ಅಂಕ ಹೊಡೆದುಹಾಕಿ ಹೊಸದು ಬರೆದರು. ನಾನು ಸಹಿ ಹಾಕಿದೆ.

ಹೊರಗೆ ಬಂದು ಶಹಬ್ಬಾಸ್ ಎಂದು ಅವಳ ಬೆನ್ನು ತಟ್ಟಲು ಹೋದೆ. ಅವಳು ಸರಿದು ನಿಂತಳು.

"ನಿನ್ನೆ ನನಗ ಒಂದು ಫೋನ್ ಮಾಡಿದ್ರ ಏನಾಗ್ತಿತ್ತುರಿ ಮೇಡಂ?"

ಅವಳ ನಂಬರು ನನ್ನ ಫೋನಿನಲ್ಲಿತ್ತು.