ಬೂಸಾ ಸೇರಿದ ಪ್ರೋಟೀನ್ ಪುಡಿ

ಬೆಳಗಿನ ಓಟ ಮುಗಿಸಿ ನಮ್ಮೂರು ಉಡಿಗಾಲದ ಮನೆಯ ಕೊಟ್ಟಿಗೆಗೆ ಕಾಲಿಟ್ಟವನು ಹೌಹಾರಿಬಿಟ್ಟೆ. ಮ್ಯಾರಥಾನ್ ಓಡಲೆಂದು ಚಾಮರಾಜನಗರದಿಂದ ತಂದಿದ್ದ ನನ್ನ ಪ್ರೋಟೀನ್ ಪುಡಿಯನ್ನು ಅವ್ವ ಹಸುವಿನ ಬೂಸಾಕ್ಕೆ ಸುರಿಯುತ್ತಿದ್ದಳು! ಡಬ್ಬ ಆಗಲೇ ಖಾಲಿ.

“ಅವ್ವಾ, ಅದು ಓಡೋರಿಗೆ ಕಣವ್ವಾ!” ಎಂದು ಕಿರುಚಿದೆ.

“ನಮ್ ಗೌರಿ ಕರ ಆಕಿ ಸೊರಗೋಗವ್ಳೆ ಕಣ್ಲಾ. ನಿಂಗೆ ಮುದ್ದೆ, ಉಳ್ಳಿಕಾಳ್ ಸಾರು ಇಲ್ವಾ? ಅದ್ಸರಿ, ಈ ಪುಡಿಯ ಯಾತ್ರಲ್ಲಿ ಮಾಡಾರ್ಲಾ?”

“ಹಾಲಲ್ಲಿ...” ಎನ್ನುತ್ತಾ ಪಕ್ಕಕ್ಕೆ ತಿರುಗಿದೆ. ಡೈರಿಗೆ ಹಾಕಲು ಕರೆದಿಟ್ಟಿದ್ದ ಹಾಲಿನ ಕ್ಯಾನು ಪಕ್ಕದಲ್ಲೇ ನೊರೆ ತುಂಬಿ ನಿಂತಿತ್ತು.

ಮನೆಯ ಹಾಲನ್ನೆಲ್ಲ ಮಾರಿ, ಹಾಲಿನ ಪುಡಿಗೆ ಪೇಟೆಗೆ ಓಡುತ್ತಿದ್ದೆನಲ್ಲ! ಈಗ ದಿನವೂ ಕ್ಯಾನು ಡೈರಿಗೆ ಹೊರಡುವ ಮೊದಲು ಒಂದು ಚೊಂಬು ಹಾಲು ನನಗೆ. ಪ್ರೋಟೀನ್ ಡಬ್ಬ ಕೊಟ್ಟಿಗೆಯಲ್ಲೇ ಇದೆ, ಅವ್ವ ಅದರಲ್ಲಿ ಬೂಸಾ ಅಳೆಯುತ್ತಾಳೆ.