ಮುಚ್ಚಿಟ್ಟ ಕೈ

“ಕೈ ಹೊರಗ ತಗಿ,” ಎಂದೆ. ಹಳಿಯಾಳದಲ್ಲಿ ಎರಡನೆಯ ತರಗತಿ ಓದುವ ಅಣ್ಣನ ಮಗಳು ಗೌರಿ, ನಾನು ಅವಳ ಪುಸ್ತಕ ನೋಡಿ ಕೇಳಿದ ಲೆಕ್ಕಗಳಿಗೆಲ್ಲ ಸರಿಯುತ್ತರ ಹೇಳುತ್ತ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡಿದ್ದಳು. ಉತ್ತರದ ಚೀಟಿ ಇದೆಯೆಂದೇ ನನ್ನ ಅನುಮಾನ. ಅವಳ ಕಣ್ಣು ತುಂಬಿತು. ಹೊರಗೆ ತೆಗೆದರೆ ಬರಿಗೈ. ಹೆಬ್ಬೆರಳು ಮಾತ್ರ ಉಂಗುರಬೆರಳಿನ ಗೆರೆಯ ಮೇಲಿತ್ತು.

“ಬೆರಳಿನ ಗೆರಿ ಎಣಸ್ತೇನ್ರಿ ಕಾಕಾ. ಆಯಿ ಜಪಾ ಮಾಡೂವಾಗ ಕೈ ಮುಚ್ಕೋತಾಳಲ್ಲ, ಹಂಗ.”

ಅವಳ ಆಯಿ, ಅಂದರೆ ನನ್ನ ಅವ್ವ, ಒಳಗಿನಿಂದಲೇ ನಕ್ಕಳು. “ನಿನಗೂ ಹಿಂಗ ಕಲಿಸಿದ್ದೆನಪಾ. ಎಮ್ಮೆಸ್ಸಿ ಓದಿ ಮರತಿ.”

ನನಗೆ ಅಂಥ ನೆನಪೇ ಇಲ್ಲ. ಅವ್ವನ ಮಾತನ್ನೂ ಪೂರ್ತಿ ನಂಬಲಿಲ್ಲ. ಆದರೆ ಮರುದಿನ ಪುಸ್ತಕದಲ್ಲಿ ಉಳಿದ ಲೆಕ್ಕಗಳನ್ನು ಎಣಿಸುವಾಗ ನನ್ನ ಹೆಬ್ಬೆರಳು ತಾನಾಗಿಯೇ ಗೆರೆ ಹುಡುಕಿತು. ಗೌರಿ ನೋಡುತ್ತಿದ್ದಳು. ಮೆಲ್ಲಗೆ ಕೈಯನ್ನು ಕಿಸೆಯೊಳಗೆ ಸೇರಿಸಿದೆ.